ಸೈನೈಡ್ ದಿಬ್ಬದ ತಗ್ಗಿನಲ್ಲಿ ಎಲೆಯ ನಾಡಿ ಹಿಡಿಯುವುದು ಹೇಗೆ

“ಏನ್ ಸಾರೂ, ಎಲೆ ಒಣಗಾಕಿದೀರಾ?”

ಹೊಲದ ಯಜಮಾನರು ಮೊದಲ ದಿನ ಕೇಳಿದ್ದು ಇದನ್ನೇ. ಅವರ ತಪ್ಪಲ್ಲ. ಲಾವಂಚದ ಸಾಲಿನುದ್ದಕ್ಕೂ ನಾನು ಎಲೆ ಎಲೆಗೆ ಕಪ್ಪು ಕ್ಲಿಪ್ ಸಿಕ್ಕಿಸುತ್ತಾ ಹೋಗಿದ್ದೆ. ದೂರದಿಂದ ನೋಡಿದರೆ ಬಟ್ಟೆ ಹಗ್ಗದ ಕ್ಲಿಪ್ಪೇ. “ಇಲ್ಲ ಯಜಮಾನ್ರೇ, ಎಲೆಗೆ ಕತ್ತಲೆ ಮಾಡಿದೀನಿ. ಅರ್ಧ ಗಂಟೆ ಬಿಟ್ಟು ನಾಡಿ ನೋಡ್ತೀನಿ” ಅಂದೆ. ಅವರು ಬೀಡಿ ಹಚ್ಚಿ ಬದುವಿನ ಮೇಲೆ ಕೂತರು. ಎಲೆಯ ನಾಡಿ ಹೇಗಿರುತ್ತೋ ನೋಡಿಯೇ ಹೋಗೋಣ ಅಂತ.

ಈ ಹೊಲ ಇರುವುದು ಕೆಜಿಎಫ್ ಕಡೆ, ಸೈನೈಡ್ ದಿಬ್ಬವೊಂದರ ತಗ್ಗಿನಲ್ಲಿ. ಕೋಲಾರ ಜಿಲ್ಲೆಯವರಿಗೆ ಈ ದಿಬ್ಬಗಳ ಬಗ್ಗೆ ಹೇಳಬೇಕಾಗಿಲ್ಲ. ಹೊರಗಿನವರು ಸಿನಿಮಾದಲ್ಲಾದರೂ ನೋಡಿರುತ್ತಾರೆ. ಗಣಿಯಿಂದ ಮೇಲೆ ಬಂದ ಕಲ್ಲನ್ನು ಮಿಲ್ಲಿನಲ್ಲಿ ಹಿಟ್ಟಿನ ಹಾಗೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿಕೊಂಡು, ಉಳಿದ ಪುಡಿಯನ್ನು ಊರ ಪಕ್ಕದಲ್ಲೇ ಸುರಿಯುತ್ತಾ ಬಂದರು. ನೂರಕ್ಕೂ ಹೆಚ್ಚು ವರ್ಷ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಪುಡಿ ಹಾಗೇ ಉಳಿಯಿತು. ಮೂರು ಕೋಟಿ ಟನ್‌ಗೂ ಜಾಸ್ತಿ. ಮಳೆ ಬಂದರೆ ಅದು ಕೊರಕಲುಗಳಲ್ಲಿ ಇಳಿದು ತಗ್ಗಿನ ಹೊಲಗಳಿಗೆ ಬರುತ್ತದೆ. ಆಷಾಢದ ಗಾಳಿಗೆ ಮನೆಯೊಳಗಿನ ಮುದ್ದೆ ತಟ್ಟೆಗೂ ಬರುತ್ತದೆ.

ಹೆಸರು ಸೈನೈಡ್ ಆದರೂ ಬಿಸಿಲು, ಗಾಳಿಗೆ ಸೈನೈಡಿನ ದೊಡ್ಡ ಪಾಲು ವರ್ಷಗಳಲ್ಲಿ ಒಡೆದು ಹೋಗುತ್ತದೆ. ಕಲ್ಲಿನ ಜೊತೆ ಬಂದ ಲೋಹ, ಆರ್ಸೆನಿಕ್ ಇಂಥವು ಒಡೆಯುವ ಪೈಕಿ ಅಲ್ಲ. ಅವು ಅಲ್ಲೇ ಇರುತ್ತವೆ, ಇಲ್ಲವೇ ಜಾಗ ಬದಲಿಸುತ್ತವೆ. ನಮ್ಮ ಸಣ್ಣ ತಂಡ ಮಾಡುತ್ತಿರುವುದು ಅವು ಜಾಗ ಬದಲಿಸದಂತೆ ಗಿಡ ನೆಟ್ಟು ಹಿಡಿದಿಡುವ ಕೆಲಸ. ನಾನು ಬಂಗಾರಪೇಟೆ ಕಡೆಯವನು, ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ ಓದಿದವನು. ತಂಡದಲ್ಲಿ ನನ್ನ ಪಾಲಿಗೆ ಬಂದಿರುವುದು ಎಲೆ ಅಳೆಯುವುದು. ಕೈಯಲ್ಲಿ ಮೂರು ಬೆಳಕಿನ ಯಂತ್ರಗಳಿವೆ. ಇಂಥ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ, ಕಾಲೇಜು ಹುಡುಗರಿಗೆ, ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ ಹೇಳುತ್ತೇನೆ.

ಕಣ್ಣಿದ್ದೂ ಯಂತ್ರ ಯಾಕೆ

ನಮ್ಮಮ್ಮ ರೇಷ್ಮೆ ಹುಳ ಸಾಕುತ್ತಿದ್ದರು. ಹಿಪ್ಪುನೇರಳೆ ಎಲೆಯನ್ನು ಬೆರಳಲ್ಲಿ ಉಜ್ಜಿ “ಇದು ಮೂರನೇ ಜ್ವರದ ಹುಳಕ್ಕೆ ಆಗಲ್ಲ” ಅಂತ ಬದಿಗಿಡುತ್ತಿದ್ದರು. ಹುಳ ಪೊರೆ ಬಿಡುವುದಕ್ಕೆ ರೇಷ್ಮೆಯವರು ಜ್ವರ ಅನ್ನುತ್ತಾರೆ. ಆ ಬೆರಳಿಗೆ ಯಾವ ಮೀಟರೂ ಸಾಟಿ ಇಲ್ಲ ಅಂತಲೇ ಈಗಲೂ ನನ್ನ ನಂಬಿಕೆ. ಆದರೆ ಅಮ್ಮನ ಬೆರಳಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡೋಕೆ ಆಗಲ್ಲ. ಜೂನ್ ತಿಂಗಳ ಹಸಿರನ್ನು ಡಿಸೆಂಬರಿನ ಹಸಿರಿನ ಪಕ್ಕ ಇಟ್ಟು ನೋಡೋಕೂ ಆಗಲ್ಲ.

ಇನ್ನೊಂದು ಕಾರಣವೂ ಇದೆ. ಎಲೆ ಹಳದಿಯಾಗಿ ಕಣ್ಣಿಗೆ ಕಾಣುವ ಹೊತ್ತಿಗೆ ಒಳಗಿನ ಗಲಾಟೆ ಶುರುವಾಗಿ ದಿನಗಳೇ ಆಗಿರುತ್ತವೆ. ಲ್ಯಾಬಿಗೆ ಕಳಿಸೋಣ ಅಂದರೆ ಎಲೆ ಕೀಳಬೇಕು, ದುಡ್ಡು ಕಟ್ಟಬೇಕು, ಕಾಯಬೇಕು. ಬೆಳಕಿನ ಯಂತ್ರಕ್ಕೆ ಎಲೆ ಕೀಳಬೇಕಾಗಿಲ್ಲ. ಅದೇ ಗಿಡದ ಅದೇ ಎಲೆಯನ್ನು ವಾರ ವಾರವೂ ನೋಡಬಹುದು.

ಮೊದಲು ಹೋಲಿಕೆ ಸಾಲು, ಆಮೇಲೆ ಮೀಟರ್

ಮೀಟರ್ ಕೊಳ್ಳುವ ಮೊದಲೇ ಮಾಡಬೇಕಾದ ಕೆಲಸ ಇದು. ಎಷ್ಟೋ ಜನ ಇದನ್ನು ಬಿಟ್ಟೇ ಬಿಡುತ್ತಾರೆ. ಒಂದೇ ನರ್ಸರಿಯ, ಒಂದೇ ವಯಸ್ಸಿನ ಸಸಿ ತನ್ನಿ. ಅರ್ಧವನ್ನು ಕೆಟ್ಟ ನೆಲದಲ್ಲಿ, ಅರ್ಧವನ್ನು ಹತ್ತಿರದ ಒಳ್ಳೆಯ ಕೆಮ್ಮಣ್ಣಿನಲ್ಲಿ ಒಂದೇ ದಿನ ನೆಡಿ. ನೀರೂ ಎರಡಕ್ಕೂ ಒಂದೇ ಹೊತ್ತಿಗೆ ಕೊಡಿ. ಈ ಒಳ್ಳೆಯ ನೆಲದ ಸಾಲನ್ನು ನಾವು ಹೋಲಿಕೆ ಸಾಲು ಅನ್ನುತ್ತೇವೆ. ಅದಿಲ್ಲದೆ ಮೀಟರ್ 34 ಅಂತ ತೋರಿಸಿದರೆ ಆ 34ರಿಂದ ಏನೂ ತಿಳಿಯುವುದಿಲ್ಲ.

ನಮ್ಮಲ್ಲಿ ನೆಟ್ಟಿರುವುದು ಮುಖ್ಯವಾಗಿ ಲಾವಂಚ ಮತ್ತು ಹೊಂಗೆ. ಲಾವಂಚದ ಬೇರು ನೇರ ಆಳಕ್ಕೆ ಇಳಿದು ಪುಡಿ ಮಣ್ಣನ್ನು ಹಿಡಿಯುತ್ತದೆ. ಎಳೆದುಕೊಂಡ ಲೋಹದಲ್ಲಿ ಹೆಚ್ಚು ಭಾಗವನ್ನು ಬೇರಲ್ಲೇ ಇಟ್ಟುಕೊಳ್ಳುತ್ತದೆ. ಮಧ್ಯೆ ಮಧ್ಯೆ ಸೂರ್ಯಕಾಂತಿ ಹಾಕುತ್ತೇವೆ. ಅದು ಬೇಗ ಬೆಳೆಯುತ್ತೆ, ಎಲೆ ಅಗಲ, ಕಷ್ಟ ಬಂದರೆ ಬೇಗ ಮುಖ ಸಣ್ಣಗೆ ಮಾಡುತ್ತೆ. ಅಳೆಯುವವನಿಗೆ ಅಂಥ ಗಿಡ ಒಂದಿರಬೇಕು.

ಎಲೆಗೆ ಗುರುತು ಕಟ್ಟಿ. ತುದಿಯಿಂದ ಮೂರನೆಯದೋ ನಾಲ್ಕನೆಯದೋ, ಪೂರ್ತಿ ಬಿಚ್ಚಿಕೊಂಡ ಎಲೆ ಇರಲಿ. ನಾನು ಮೊದಲು ಕೆಂಪು ಉಲ್ಲನ್ ದಾರ ಕಟ್ಟಿದ್ದೆ. ಮೇಕೆಗಳು ದಾರ ಸಮೇತ ತಿಂದುಕೊಂಡು ಹೋದವು. ಈಗ ತೊಟ್ಟಿನ ಬಳಿ ಬಣ್ಣದ ತೆಳು ವೈರು ಸಡಿಲವಾಗಿ ಸುತ್ತುತ್ತೇನೆ. ಮೇಕೆಗೆ ಬೇಲಿ ಬೇರೆ ಹಾಕಿದ್ದೇವೆ ಬಿಡಿ.

ಸ್ಪಾಡ್ ಮೀಟರ್: ಎಲೆಯನ್ನು ಕಚ್ಚಿ ನೋಡುವ ಯಂತ್ರ

ಇದು ಅಂಗೈಯಲ್ಲಿ ಹಿಡಿಯುವ ಸ್ಟೇಪ್ಲರ್ ಥರದ ಸಾಧನ. ಎಲೆಯನ್ನು ಬಾಯೊಳಗೆ ಇಟ್ಟು ಒತ್ತಿದರೆ ಎರಡು ಬೆಳಕು ಹಾಯಿಸುತ್ತದೆ. ಒಂದು 650 ನ್ಯಾನೋಮೀಟರಿನ ಕೆಂಪು. ಅದನ್ನು ಕ್ಲೋರೊಫಿಲ್, ಅಂದರೆ ಶಾಲೆಯಲ್ಲಿ ಪತ್ರಹರಿತ್ತು ಅಂತ ಓದಿದ್ದು, ಗಬಕ್ಕನೆ ನುಂಗುತ್ತದೆ. ಇನ್ನೊಂದು 940 ನ್ಯಾನೋಮೀಟರಿನದು, ಟಿವಿ ರಿಮೋಟ್‌ನಲ್ಲಿ ಇರುತ್ತಲ್ಲ, ಕಣ್ಣಿಗೆ ಕಾಣದ ಬೆಳಕು, ಆ ಥರದ್ದು. ಅದನ್ನು ಕ್ಲೋರೊಫಿಲ್ ಮುಟ್ಟುವುದಿಲ್ಲ. ಎರಡರಲ್ಲಿ ಎಷ್ಟೆಷ್ಟು ಆಚೆ ಬಂತು ಅಂತ ನೋಡಿ ಒಂದು ಸಂಖ್ಯೆ ಕೊಡುತ್ತದೆ. ಎಲೆ ದಪ್ಪವೋ ತೆಳುವೋ ಅನ್ನುವ ಗೊಂದಲವನ್ನು ಎರಡನೆಯ ಬೆಳಕು ಬಹಳ ಮಟ್ಟಿಗೆ ತೆಗೆಯುತ್ತದೆ.

ಆನ್ ಮಾಡಿದ ಕೂಡಲೇ ಎಲೆ ಇಡದೆ ಬಾಯಿ ಮುಚ್ಚಿ ಒತ್ತಿಹಿಡಿಯಬೇಕು. ಅದು ಕ್ಯಾಲಿಬ್ರೇಶನ್, ಅಂದರೆ ಯಂತ್ರದ ಲೆಕ್ಕವನ್ನು ಸರಿಗೆ ಕೂರಿಸುವುದು. ಒತ್ತುವ ಮೊದಲು ಬಾಯೊಳಗೆ ನೋಡಿ. ನಮ್ಮ ಹೊಲದಲ್ಲಿ ಅಲ್ಲಿ ದಿಬ್ಬದ ಪುಡಿ ಒಂದು ಕಣವಾದರೂ ಕೂತಿರುತ್ತದೆ. ಬಾಯಿ ಪೂರ್ತಿ ಮುಚ್ಚದೆ ಹೊರಗಿನ ಬೆಳಕು ನುಗ್ಗಿದರೆ ಅವತ್ತಿನ ರೀಡಿಂಗೆಲ್ಲ ಹಾಳು. ಕ್ಯಾಮೆರಾ ಲೆನ್ಸ್ ಒರೆಸುವ ಬಟ್ಟೆ ಜೇಬಲ್ಲಿ ಇರಲಿ.

ಅಳೆಯುವ ಕಿಂಡಿ ಬರೀ 2 ಮಿಲಿಮೀಟರ್‌ಗೆ 3 ಮಿಲಿಮೀಟರ್. ಅಷ್ಟು ಸಣ್ಣ ಜಾಗ ನೋಡಿ ಇಡೀ ಎಲೆಯ ಬಗ್ಗೆ ತೀರ್ಪು ಕೊಡೋಕಾಗುತ್ತಾ? ಆಗಲ್ಲ. ಒಂದು ಎಲೆಯಲ್ಲಿ ಐದು ಕಡೆ ಒತ್ತಿ ಸರಾಸರಿ ತೆಗೆಯಿರಿ. ನಡು ನರದ ಮೇಲೆ ಒತ್ತಬೇಡಿ. ಲಾವಂಚದ ಎಲೆ ಕಿರಿದು, ನಡು ನರ ಗಟ್ಟಿ. ಪಕ್ಕಕ್ಕೆ ಸರಿಸಿ ಹಿಡಿಯುವುದು ಕೈಗೆ ರೂಢಿಯಾಗೋಕೆ ನನಗೆ ಒಂದು ವಾರ ಬೇಕಾಯಿತು. ಸೂರ್ಯನಿಗೆ ಬೆನ್ನು ಹಾಕಿ, ನಿಮ್ಮ ನೆರಳಿನಲ್ಲೇ ಒತ್ತಿ. ಎಲೆ ಒದ್ದೆ ಇದ್ದರೆ ಒರೆಸಿ.

ಲಾವಂಚದ ಸಂಖ್ಯೆಯನ್ನು ಹೊಂಗೆಯ ಸಂಖ್ಯೆಗೆ ಹೋಲಿಸಬೇಡಿ. ಬಲಿತ ಹೊಂಗೆ ಎಲೆ ಸಹಜವಾಗೇ ಕಡು ಹಸಿರು. ಲಾವಂಚಕ್ಕೆ ಲಾವಂಚವೇ ಜೋಡಿ.

ಈಗ ನನ್ನ ಅವಮಾನದ ಕಥೆ. ಮೊದಲ ಹಂಗಾಮಿನಲ್ಲಿ ಸೂರ್ಯಕಾಂತಿ ಅಳೆದೆ. ಕೆಟ್ಟ ನೆಲದ ಗಿಡಗಳಿಗೇ ಒಳ್ಳೆಯ ನೆಲದ ಗಿಡಗಳಿಗಿಂತ ಜಾಸ್ತಿ ಸಂಖ್ಯೆ ಬಂತು. ನಾನು ಹಿಗ್ಗಿ ಹೀರೇಕಾಯಾಗಿ “ಗಿಡ ಒಗ್ಗಿಕೊಂಡಿದೆ, ನೆಲ ಸುಧಾರಿಸಿದೆ” ಅಂತ ವರದಿ ಬರೆದೆ. ಅದನ್ನು ನೋಡಿದ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: “ಎಲೆ ಎಷ್ಟು ಅಗಲ ಇದೆಯಪ್ಪಾ?” ಅಳೆದಿರಲಿಲ್ಲ. ಹೋಗಿ ಅಳೆದರೆ ಕೆಟ್ಟ ನೆಲದ ಎಲೆ ಅಂಗೈಯ ಅರ್ಧ. ಗಿಡ ಬೆಳೆಯೋದನ್ನೇ ನಿಲ್ಲಿಸಿತ್ತು. ದೊಡ್ಡ ಎಲೆಯಲ್ಲಿ ಹರಡಬೇಕಿದ್ದ ಕ್ಲೋರೊಫಿಲ್ ಪುಟ್ಟ ಎಲೆಯಲ್ಲಿ ಒತ್ತೊತ್ತಾಗಿ ತುಂಬಿಕೊಂಡು ಸಂಖ್ಯೆ ಏರಿಸಿತ್ತು, ಅಷ್ಟೇ. ಅವತ್ತಿನಿಂದ ಸ್ಪಾಡ್ ಪಕ್ಕದಲ್ಲಿ ಸ್ಕೇಲು ಇದ್ದೇ ಇರುತ್ತದೆ. ಎಲೆಯ ಉದ್ದ, ಅಗಲ, ಗಿಡದ ಎತ್ತರ ಬರೆಯದೆ ಸ್ಪಾಡ್ ಸಂಖ್ಯೆಯನ್ನು ನಾನು ಯಾರಿಗೂ ಹೇಳುವುದಿಲ್ಲ.

ನೋಟಿನ ಟಾರ್ಚು, ಸ್ಪಿರಿಟ್ಟು, ಕೆಂಪು ಬೆಳಕು

ಕ್ಲಿಪ್ಪಿನ ಕಥೆಗೆ ಬರೋಣ. ಅದಕ್ಕೂ ಮೊದಲು ಮನೆಯಲ್ಲೊಂದು ಪ್ರಯೋಗ ಮಾಡಿ ನೋಡಿ. ಎರಡು ಹಿಡಿ ಸೊಪ್ಪು, ಯಾವುದಾದರೂ ಸರಿ, ಕತ್ತರಿಸಿ ಮೆಡಿಕಲ್ ಸ್ಟೋರಿನ ಸ್ಪಿರಿಟ್‌ನಲ್ಲಿ ಅರೆಯಿರಿ. ಒಲೆಯಿಂದ ದೂರ ಇರಲಿ, ಸ್ಪಿರಿಟ್ ಹತ್ತಿಕೊಳ್ಳುತ್ತದೆ. ಬಟ್ಟೆಯಲ್ಲಿ ಸೋಸಿ ಗಾಜಿನ ಲೋಟಕ್ಕೆ ಹಾಕಿ. ಕಡು ಹಸಿರು ನೀರು ಬರುತ್ತದೆ. ದೀಪ ಆರಿಸಿ, ಅಂಗಡಿಯವರು ಕಳ್ಳನೋಟು ನೋಡೋಕೆ ಇಟ್ಟುಕೊಂಡಿರುವ ನೇರಳೆ ಬೆಳಕಿನ ಟಾರ್ಚನ್ನು ಪಕ್ಕದಿಂದ ಬಿಡಿ. ಹಸಿರು ನೀರು ದಾಳಿಂಬೆ ರಸದ ಹಾಗೆ ಕೆಂಪಗೆ ಹೊಳೆಯುತ್ತದೆ.

ನಾನು ಇದನ್ನು ಯಜಮಾನರ ಮನೆ ಪಡಸಾಲೆಯಲ್ಲಿ ಮಾಡಿ ತೋರಿಸಿದೆ. ಅವರ ಮನೆಯಾಕೆ “ಅಯ್ಯೋ, ಸೊಪ್ಪಿನೊಳಗೆ ರಕ್ತ!” ಅಂದರು. ರಕ್ತ ಅಲ್ಲ. ಕ್ಲೋರೊಫಿಲ್ ನುಂಗಿದ ಬೆಳಕನ್ನು ಯಾರಿಗೂ ದಾಟಿಸಲಾರದೆ ವಾಪಸ್ ಉಗುಳುತ್ತಿರುವುದು. ಬದುಕಿರುವ ಎಲೆಯಲ್ಲಿ ಆ ಬೆಳಕು ಸಕ್ಕರೆ ಮಾಡುವ ಕೆಲಸಕ್ಕೆ ಹೋಗುತ್ತದೆ, ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ನೂರರಲ್ಲಿ ಕೆಲವೇ ಪಾಲು ಕೆಂಪು ಬೆಳಕಾಗಿ ಹೊರಬರುತ್ತದೆ. ಆ ಕೆಂಪು ಬೆಳಕಿನ ಏರಿಳಿತಕ್ಕೂ ಎಲೆ ಮಾಡುವ ಕೆಲಸಕ್ಕೂ ನಂಟಿದೆ ಅಂತ ಜರ್ಮನಿಯ ಹನ್ಸ್ ಕೌಟ್‌ಸ್ಕಿ 1931ರಲ್ಲಿ ತೋರಿಸಿದರು. ಈ ಕೆಂಪು ಬೆಳಕನ್ನು ಅಳೆಯುವ ಯಂತ್ರವೇ ಫ್ಲೋರೋಮೀಟರ್, ನನ್ನ ಕೈಯಲ್ಲಿರುವ ಎರಡನೆಯದು. ಅದರ ಬುಡ ಅಲ್ಲಿದೆ.

ಕೋಲಾರದವರಿಗೆ ಇದನ್ನು ಟೊಮೆಟೊ ಮಂಡಿಯ ಲೆಕ್ಕದಲ್ಲಿ ಹೇಳಿದರೆ ತಟ್ಟನೆ ಹತ್ತುತ್ತದೆ. ಎಲೆಯ ಮೇಲೆ ಬೀಳುವ ಬೆಳಕು ಅಂದರೆ ಎಪಿಎಂಸಿಗೆ ಬರುವ ಬಾಕ್ಸುಗಳು. ಕೊಳ್ಳುವ ಅಂಗಡಿಗಳು ಎಲೆಯೊಳಗಿವೆ. ಒಂದು ಅಂಗಡಿ ಒಂದು ಬಾಕ್ಸ್ ತೆಗೆದುಕೊಂಡರೆ, ಅದನ್ನು ಒಳಗೆ ಸಾಗಿಸುವ ತನಕ ಶಟರ್ ಎಳೆದುಕೊಳ್ಳುತ್ತದೆ. ಹಗಲಲ್ಲಿ ಕೆಲವು ಶಟರ್ ತೆಗೆದಿರುತ್ತವೆ, ಕೆಲವು ಮುಚ್ಚಿರುತ್ತವೆ. ಆಗ ಹೋಗಿ ಅಳೆದರೆ ಮಂಡಿಯ ಪೂರ್ತಿ ತಾಕತ್ತು ಗೊತ್ತಾಗಲ್ಲ. ಅದಕ್ಕೇ ಮೊದಲು ಲೋಡ್ ಬರೋದನ್ನು ನಿಲ್ಲಿಸುತ್ತೇವೆ. ಕ್ಲಿಪ್ ಹಾಕಿ ಕತ್ತಲೆ ಮಾಡುವುದು ಇದಕ್ಕೆ. 20ರಿಂದ 30 ನಿಮಿಷದಲ್ಲಿ ಇದ್ದ ಬಾಕ್ಸೆಲ್ಲ ಒಳಗೆ ಹೋಗಿ ಎಲ್ಲ ಶಟರುಗಳೂ ತೆರೆದುಕೊಳ್ಳುತ್ತವೆ. ಆಗ ತೀರಾ ಮಂದ ಬೆಳಕು ಬಿಟ್ಟು ಎಷ್ಟು ಕೆಂಪು ಚೆಲ್ಲಿತು ಅಂತ ನೋಡುತ್ತದೆ ಯಂತ್ರ. ಇದು ಎಫ್‌ಓ. ಕೂಡಲೇ ಒಂದು ಸೆಕೆಂಡಿನಷ್ಟು ಕಣ್ಣು ಕೋರೈಸುವ ಬೆಳಕು ಬಿಡುತ್ತದೆ. ಎಲ್ಲ ಅಂಗಡಿಗಳಿಗೂ ಒಟ್ಟಿಗೇ ಬಾಕ್ಸ್ ಬಂದು ಎಲ್ಲ ಶಟರೂ ಬೀಳುತ್ತವೆ, ಉಳಿದದ್ದು ರಸ್ತೆಗೆ ಚೆಲ್ಲುತ್ತದೆ. ಇದು ಎಫ್‌ಎಂ. ಎರಡರ ಅಂತರ ಎಫ್‌ವಿ. ಎಫ್‌ವಿಯನ್ನು ಎಫ್‌ಎಂನಿಂದ ಭಾಗಿಸಿದರೆ ಬರುವುದೇ ನಾವು ಹಿಡಿಯುವ ನಾಡಿ.

ಚೆನ್ನಾಗಿರುವ ಎಲೆಗೆ ಇದು 0.83ರ ಆಸುಪಾಸು. ವಿಶೇಷ ಏನೆಂದರೆ ಬಹುತೇಕ ಗಿಡಗಳಿಗೂ ಹತ್ತಿರ ಹತ್ತಿರ ಇಷ್ಟೇ. ಸ್ಪಾಡ್ ಥರ ಗಿಡಕ್ಕೊಂದು ಲೆಕ್ಕ ಇಲ್ಲ. ಲಾವಂಚದಂಥ ಹುಲ್ಲುಗಳಿಗೆ ತುಸು ಕಮ್ಮಿ ಬರುವುದುಂಟು, ಹೋಲಿಕೆ ಸಾಲು ನೋಡಿದರೆ ಗೊತ್ತಾಗುತ್ತದೆ. 0.75ಕ್ಕಿಂತ ಕೆಳಗೆ ಬಂದರೆ ನಾನು ಆ ಗಿಡದ ಹತ್ತಿರ ಮಂಡಿಯೂರಿ ಕೂರುತ್ತೇನೆ. 0.6ಕ್ಕೆ ಇಳಿದರೆ ಕಣ್ಣಿಗೂ ಏನಾದರೂ ಕಂಡೇ ಕಾಣುತ್ತದೆ.

ಮಾಡುವ ಕ್ರಮ ಹೀಗೆ. ಕ್ಲಿಪ್ಪಿನ ಸಣ್ಣ ಬಾಗಿಲು ಮುಚ್ಚಿದೆ ಅಂತ ಖಾತ್ರಿ ಮಾಡಿಕೊಂಡು ಎಲೆಗೆ ಹಾಕಿ. ಹಾಕಿದ ಹೊತ್ತು ಬರೆದುಕೊಳ್ಳಿ. ಹತ್ತು ಕ್ಲಿಪ್ ಹಾಕುವ ಹೊತ್ತಿಗೆ ಮೊದಲನೆಯದಕ್ಕೆ ಹತ್ತು ನಿಮಿಷ ಆಗಿರುತ್ತದೆ. ಹಾಗಾಗಿ ಹಾಕಿದ ಕ್ರಮದಲ್ಲೇ ಅಳೆಯುತ್ತಾ ಬನ್ನಿ. ಯಂತ್ರದ ಮೂತಿಯನ್ನು ಕ್ಲಿಪ್ಪಿಗೆ ಗಟ್ಟಿಯಾಗಿ ಕೂರಿಸಿದ ಮೇಲೆಯೇ ಬಾಗಿಲು ಸರಿಸಬೇಕು. ಕೆಲವರು ಮೊದಲು ಬಾಗಿಲು ಸರಿಸಿ “ಸರಿಯಾಗಿ ಕೂತಿದೆಯಾ” ಅಂತ ಇಣುಕಿ ನೋಡುತ್ತಾರೆ. ಅರ್ಧ ಗಂಟೆಯ ಕತ್ತಲೆ ಅಲ್ಲಿಗೆ ಮುಗಿಯಿತು. ಒಮ್ಮೆ ಫ್ಲಾಶ್ ಬಿದ್ದ ಜಾಗಕ್ಕೆ ತಕ್ಷಣ ಮತ್ತೆ ಹಾಕಬೇಡಿ. ಕ್ಲಿಪ್ ತೆಗೆದು ಬೇರೆ ಎಲೆಗೆ ಹಾಕಿ, ಮತ್ತೆ ಕಾಯಿರಿ.

ಹೊತ್ತು ಬಹಳ ಮುಖ್ಯ. ಮಧ್ಯಾಹ್ನದ ಬಿಸಿಲಿಗೆ ಒಳ್ಳೆಯ ಎಲೆಯ ಸಂಖ್ಯೆಯೂ ಇಳಿಯುತ್ತದೆ, ಸಂಜೆ ನೆರಳಲ್ಲಿ ಮೇಲೇರುತ್ತದೆ. ನಾನು ಒಂದು ತಿಂಗಳು ಪೂರ್ತಿ ಹೋಲಿಕೆ ಸಾಲನ್ನು ಬೆಳಿಗ್ಗೆ ಏಳಕ್ಕೆ ಮುಗಿಸಿ, ಟಿಫನ್ ತಿಂದು, ಕೆಟ್ಟ ನೆಲದ ಸಾಲಿಗೆ ಹನ್ನೊಂದೂವರೆಗೆ ಬರುತ್ತಿದ್ದೆ. ದೊಡ್ಡ ವ್ಯತ್ಯಾಸ ಸಿಕ್ಕಿತು. ಅದು ನೆಲದ ವ್ಯತ್ಯಾಸ ಅಲ್ಲ, ಇಡ್ಲಿಯ ವ್ಯತ್ಯಾಸ. ಈಗ ಎರಡೂ ಸಾಲಿನಲ್ಲಿ ಒಂದಾದ ಮೇಲೊಂದರಂತೆ ಅಳೆಯುತ್ತೇನೆ: ಇಲ್ಲಿ ಐದು, ಅಲ್ಲಿ ಐದು, ಮತ್ತೆ ಇಲ್ಲಿ. ಕಾಲು ನೋಯುತ್ತದೆ, ಲೆಕ್ಕ ಸರಿ ಇರುತ್ತದೆ. ಆದರೆ ಸೂರ್ಯ ಹುಟ್ಟುವ ಮೊದಲೇ ಹೋಗಿಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ರಾತ್ರಿಯೆಲ್ಲ ಕತ್ತಲಲ್ಲೇ ಇದ್ದ ಎಲೆಗೆ ಮತ್ತೆ ಕತ್ತಲೆ ಕಟ್ಟಬೇಕಾಗಿಲ್ಲ. ತಲೆಗೆ ಕಟ್ಟುವ ಟಾರ್ಚಿಗೆ ಬೆಳಕು ಹಾಯುವ ಹಸಿರು ಕಾಗದ ಸುತ್ತಿ ಮಂದ ಮಾಡಿಕೊಳ್ಳಿ. ಬಿಳಿ ಬೆಳಕು ಎಲೆಯನ್ನು ಎಬ್ಬಿಸಿಬಿಡುತ್ತದೆ.

ಈ ನಾಡಿಗೆ ಒಂದು ಹಟವಿದೆ. ಸಣ್ಣಪುಟ್ಟ ಬಾಯಾರಿಕೆಗೆ, ಸ್ವಲ್ಪ ಗೊಬ್ಬರದ ಕೊರತೆಗೆ ಅದು ಅಲುಗಾಡುವುದೇ ಇಲ್ಲ. ಬಾಡಿದ ಎಲೆಯೂ 0.8 ಕೊಡುವುದನ್ನು ನೋಡಿದ್ದೇನೆ. ಹಾಗಾಗಿ 0.8 ಬಂದ ಮಾತ್ರಕ್ಕೆ ಗಿಡ ಸುಖವಾಗಿದೆ ಅನ್ನಬೇಡಿ. ಇಳಿದಿದ್ದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲವು ಯಂತ್ರಗಳು ಹಗಲ ಬೆಳಕಿನಲ್ಲೇ, ಕತ್ತಲೆ ಮಾಡದೆ, ಆ ಕ್ಷಣದಲ್ಲಿ ಎಲೆ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುತ್ತವೆ. ಅದು ಬೇಗ ಸುಳಿವು ಕೊಡುತ್ತದೆ. ಆದರೆ ಆಗಿನ ಬಿಸಿಲು ಎಷ್ಟಿತ್ತು ಅಂತ ಜೊತೆಗೇ ಬರೆಯದಿದ್ದರೆ ಉಪಯೋಗವಿಲ್ಲ. ಒಂದು ಮೋಡ ಅಡ್ಡ ಬಂದರೂ ಸಂಖ್ಯೆ ಬದಲಾಗುತ್ತದೆ.

ಹಸಿವಾ, ದಾಹವಾ, ಉಪ್ಪಾ, ವಿಷವಾ

ಸಂಖ್ಯೆ ಇಳಿಯಿತು ಅಂದಕೂಡಲೇ “ವಿಷ” ಅಂತ ಕೂಗುವವರು ಜಾಸ್ತಿ. ದಿಬ್ಬದ ಪುಡಿ ಅರೆದ ಕಲ್ಲು. ಅದರಲ್ಲಿ ಕೊಳೆತ ಎಲೆ ಇಲ್ಲ, ಸಗಣಿ ಇಲ್ಲ, ಸಾರಜನಕ ಇಲ್ಲವೇ ಇಲ್ಲ ಅನ್ನಬಹುದು. ನೀರು ನಿಲ್ಲುವುದಿಲ್ಲ. ನಮ್ಮ ಹೊಲದಲ್ಲಿ ಮಳೆ ನಿಂತ ಎರಡು ದಿನಕ್ಕೆ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ವಿಷದ ಮಾತು ಬಿಡಿ, ಇಂಥ ನೆಲದಲ್ಲಿ ಗಿಡಕ್ಕೆ ಉಪವಾಸವೇ ಸಾಕು ಸಾಯೋಕೆ. ಬೆಳಕಿನ ಯಂತ್ರ ಗಿಡಕ್ಕೆ ಹುಷಾರಿಲ್ಲ ಅನ್ನುತ್ತದೆ, ರೋಗದ ಹೆಸರು ಹೇಳುವುದಿಲ್ಲ.

ನಾನು ಹೀಗೆ ಜರಡಿ ಹಿಡಿಯುತ್ತೇನೆ. ಮೊದಲು ಯಾವ ಎಲೆ ಹಳದಿ ಅಂತ ನೋಡುತ್ತೇನೆ. ಕೆಳಗಿನ ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕದ ಹಸಿವು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಇದರಲ್ಲಿ ಒಂದು ತೊಡಕಿದೆ. ಮಣ್ಣಿನಲ್ಲಿ ಬೇರೆ ಲೋಹ ಹೆಚ್ಚಿದ್ದರೂ ಗಿಡಕ್ಕೆ ಕಬ್ಬಿಣ ಎಳೆದುಕೊಳ್ಳೋಕೆ ಕಷ್ಟವಾಗುತ್ತದೆ.

ಆಮೇಲೆ ಸಾಲಿನ ನಾಲ್ಕು ಗಿಡಕ್ಕೆ ಮಾತ್ರ ಲೀಟರಿಗೆ 10 ಗ್ರಾಂ ಯೂರಿಯಾ ಕರಗಿಸಿ ಎಲೆಗೆ ಸಿಂಪಡಿಸುತ್ತೇನೆ, ಸಂಜೆ ಹೊತ್ತು. ಹತ್ತು ಹದಿನೈದು ದಿನದಲ್ಲಿ ಆ ನಾಲ್ಕರ ಸ್ಪಾಡ್ ಏರಿ ಉಳಿದವು ಹಾಗೇ ಇದ್ದರೆ ಅದು ಹಸಿವು. ಇದಕ್ಕೆ ಕೊಟ್ಟಿಗೆ ಗೊಬ್ಬರ ಯಾಕೆ ಹಾಕಬಾರದು ಅಂತ ಕೇಳುತ್ತಾರೆ. ನೆಲಕ್ಕೆ ಹಾಕಬೇಕು, ಖಂಡಿತ. ಆದರೆ ಈ ಪರೀಕ್ಷೆಗೆ ಬೇಡ. ಗೊಬ್ಬರ ಗಿಡಕ್ಕೆ ಊಟ ಕೊಡುವುದರ ಜೊತೆಗೆ ಲೋಹಗಳನ್ನೂ ಹಿಡಿದುಕೊಳ್ಳುತ್ತದೆ, ನೀರನ್ನೂ ನಿಲ್ಲಿಸುತ್ತದೆ. ಗಿಡ ಚೇತರಿಸಿಕೊಂಡರೆ ಯಾವುದರಿಂದ ಅಂತ ಹೇಳೋಕೆ ಬರಲ್ಲ. ದಾಹಕ್ಕೆ ಪರೀಕ್ಷೆ ಸುಲಭ: ಮೂರು ದಿನ ನೀರು ಕೊಟ್ಟು ನೋಡುವುದು. ಉಪ್ಪಿಗೆ ಬೆಳಕು ಬೇಡ, ಮಣ್ಣು ನೀರು ಕಲಸಿ, ಅದರಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ಅಳೆಯುವ ಇಸಿ ಮೀಟರ್ ಅದ್ದಿದರೆ ಗೊತ್ತಾಗುತ್ತದೆ.

ಇಷ್ಟೆಲ್ಲ ಜರಡಿಯಿಂದ ಇಳಿದ ಮೇಲೂ ಸಂಖ್ಯೆ ಏಳದ ಗಿಡಗಳು ಉಳಿಯುತ್ತವಲ್ಲ, ಅವುಗಳ ಎಲೆ ಮತ್ತು ಬುಡದ ಮಣ್ಣನ್ನು ಮಾತ್ರ ಲ್ಯಾಬಿಗೆ ಕಳಿಸಿ. ದುಡ್ಡು ಉಳಿಯುವುದು ಇಲ್ಲಿ. ಎಲೆಯನ್ನು ಚೆನ್ನಾಗಿ ತೊಳೆದು ಕಳಿಸಿ, ಇಲ್ಲದಿದ್ದರೆ ಮೇಲೆ ಕೂತ ಧೂಳಿನ ಲೋಹವೂ ಎಲೆಯ ಲೆಕ್ಕಕ್ಕೆ ಸೇರುತ್ತದೆ.

ಧೂಳು ಮಾಡುವ ಮೋಸ, ಮತ್ತು ಆಕಾಶದಿಂದ ನೋಡುವುದು

ಮೂರನೆಯ ಯಂತ್ರ ಗಿಡಗಳ ಮೇಲೆ ಒಂದು ಮೀಟರ್ ಎತ್ತರದಲ್ಲಿ ಹಿಡಿದು ನಡೆಯುವಂಥದ್ದು. ಕೆಂಪು ಬೆಳಕು ಎಷ್ಟು ವಾಪಸ್ ಬಂತು, ಕಣ್ಣಿಗೆ ಕಾಣದ ಅವಗೆಂಪು ಎಷ್ಟು ಬಂತು ಅಂತ ನೋಡುತ್ತದೆ. ಒಳ್ಳೆಯ ಎಲೆ ಕೆಂಪನ್ನು ನುಂಗಿ ಅವಗೆಂಪನ್ನು ಎಸೆಯುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ. ದಟ್ಟ ಹಸಿರಿಗೆ 0.8ರ ಹತ್ತಿರ, ಬರೀ ಮಣ್ಣಿಗೆ 0.2 ಅಥವಾ ಅದಕ್ಕೂ ಕಮ್ಮಿ.

ಆಷಾಢದಲ್ಲಿ ನಮ್ಮ ಸಾಲುಗಳ ಎನ್‌ಡಿವಿಐ ಧಡಕ್ಕನೆ ಇಳಿಯಿತು. ಫ್ಲೋರೋಮೀಟರ್ ನೋಡಿದರೆ ನಾಡಿ ಸರಿಯಾಗೇ ಇದೆ. ತಲೆ ಕೆಟ್ಟುಹೋಯಿತು. ಒಂದು ಗಿಡದ ಎಲೆಗಳನ್ನು ಒದ್ದೆ ಹತ್ತಿಯಲ್ಲಿ ಒರೆಸಿದೆ, ಹತ್ತಿ ಬೂದು ಬಣ್ಣಕ್ಕೆ ತಿರುಗಿತು. ದಿಬ್ಬದ ಪುಡಿ ಎಲೆಗೆ ಹೊದಿಕೆ ಹೊದೆಸಿ ಕೆಂಪು ಬೆಳಕನ್ನು ವಾಪಸ್ ಎಸೆಯುತ್ತಿತ್ತು. ಫ್ಲೋರೋಮೀಟರಿಗೆ ಅಷ್ಟು ಮೋಸ ಆಗಲಿಲ್ಲ, ಯಾಕೆಂದರೆ ಧೂಳು ಎಫ್‌ಓವನ್ನೂ ಎಫ್‌ಎಂಅನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸುತ್ತದೆ, ಭಾಗಾಕಾರದಲ್ಲಿ ಹೊರಟುಹೋಗುತ್ತದೆ. ಒಂದು ಯಂತ್ರ ಹೇಳಿದ್ದಕ್ಕೆ ಇನ್ನೊಂದರ ಸಾಕ್ಷಿ ಕೇಳುವ ಅಭ್ಯಾಸ ನನಗೆ ಬಂದದ್ದು ಆ ಹತ್ತಿಯಿಂದ.

ಯಂತ್ರ ಇಲ್ಲದವರಿಗೆ ಉಪಗ್ರಹ ಇದೆ. ಯುರೋಪಿನ ಸೆಂಟಿನೆಲ್-2, 2015ರಿಂದ ಮೇಲಿದೆ, ಚಿತ್ರ ಪುಕ್ಕಟೆ, ಸುಮಾರು ಐದು ದಿನಕ್ಕೊಮ್ಮೆ ನಮ್ಮ ಮೇಲೆ ಹಾಯುತ್ತದೆ. ಅದರ ಒಂದು ಚುಕ್ಕೆ ಅಂದರೆ 10 ಮೀಟರಿಗೆ 10 ಮೀಟರ್. ನಮ್ಮ ಲೆಕ್ಕದಲ್ಲಿ ಹೆಚ್ಚೂ ಕಮ್ಮಿ ಒಂದು ಗುಂಟೆ. ಎಕರೆಗೆ ಸುಮಾರು ನಲವತ್ತು ಚುಕ್ಕೆ. ಹೊಲದ ಯಾವ ಮೂಲೆ ಸೊರಗುತ್ತಿದೆ ಅಂತ ನೋಡೋಕೆ ಸಾಕು. ಮಳೆಗಾಲದಲ್ಲಿ ಮೋಡ ಬಿಟ್ಟರೆ ಬೇರೇನೂ ಕಾಣಲ್ಲ. ಬಳ್ಳಾರಿ ಜಾಲಿ, ಪಾರ್ಥೇನಿಯಂ ಬೆಳೆದರೂ ಚುಕ್ಕೆ ಹಸಿರಾಗುತ್ತದೆ, ಉಪಗ್ರಹಕ್ಕೆ ನಿಮ್ಮ ಗಿಡ ಯಾವುದು ಅಂತ ಗೊತ್ತಿಲ್ಲ. ಹಾಗಾಗಿ ನಡೆದು ಹೋಗಿ ನೋಡಿ.

ಹೋಗುವಾಗ ಮಾಸ್ಕ್ ಹಾಕಿ. ಗಾಳಿ ಜೋರಿದ್ದರೆ ಆ ದಿನ ಬೇಡ. ಕೊರಕಲಿನ ಅಂಚಿನಲ್ಲಿ ನಿಲ್ಲಬೇಡಿ, ಪುಡಿ ಸುಮ್ನೆ ಕುಸಿಯುತ್ತದೆ. ಬುತ್ತಿ ಅಲ್ಲಿ ಬಿಚ್ಚಬೇಡಿ.

ಯಜಮಾನರ ಪ್ರಶ್ನೆ

ಎರಡನೇ ವರ್ಷ ಲಾವಂಚ ಸೊಂಟದೆತ್ತರ ಬಂತು. ನಾಡಿ 0.79, 0.8. ಹೋಲಿಕೆ ಸಾಲಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಯಜಮಾನರು ಮತ್ತೆ ಬದುವಿನ ಮೇಲೆ ಕೂತು ಕೇಳಿದರು, “ನಾಡಿ ಚೆನ್ನಾಗೈತೆ ಅಂತೀರಲ್ಲ ಸಾರೂ. ಹಸ ಬಿಡಬೌದಾ?”

ಈ ಪ್ರಶ್ನೆಗೆ ಉತ್ತರ ಕೊಡುವ ಯಂತ್ರ ನನ್ನ ಚೀಲದಲ್ಲಿ ಇರಲಿಲ್ಲ. ಗಿಡ ಆರಾಮಾಗಿದೆ ಅಂದರೆ ನೆಲ ಶುದ್ಧವಾಗಿದೆ ಅಂತಲ್ಲ. ಗಿಡ ತಡೆದುಕೊಂಡಿದೆ ಅಂತ. ಗಣಿ ಮುಚ್ಚಿದ ಅದೇ 2001ರ ಫೆಬ್ರವರಿಯಲ್ಲಿ, ಅಮೆರಿಕದ ಫ್ಲಾರಿಡಾದಿಂದ ಒಂದು ವರದಿ ಬಂತು. ಟೆರಿಸ್ ವಿಟ್ಟಾಟ ಅನ್ನುವ ಜರೀಗಿಡ ಆರ್ಸೆನಿಕ್ ಇರುವ ನೆಲದಲ್ಲಿ ಅದನ್ನು ಎಳೆದೆಳೆದು ಎಲೆಯಲ್ಲೇ ತುಂಬಿಕೊಂಡು ಹಚ್ಚಗೆ ಬೆಳೆಯುತ್ತದೆ ಅಂತ. ಹಳೇ ಗಾರೆ ಗೋಡೆಗಳ ಸಂದಿಯಲ್ಲಿ ಬೆಳೆಯುವ ಗಿಡ ಅದು. ನಾವೂ ತಂದು ನೆಟ್ಟೆವು, ನಮ್ಮ ಬಿಸಿಲಿಗೆ ತಡೆಯಲಿಲ್ಲ. ಅದರ ಎಲೆಗೆ ಮೀಟರ್ ಇಟ್ಟರೆ ಒಳ್ಳೆಯ ಸಂಖ್ಯೆಯೇ ಬರುತ್ತದೆ. ಆ ಎಲೆಯನ್ನು ಹಸುವಿಗೆ ಹಾಕುವುದು ಉಂಟಾ?

ಇದನ್ನೆಲ್ಲ ಯಜಮಾನರಿಗೆ ಹೇಳಿದೆ. “ಲ್ಯಾಬ್ ರಿಪೋರ್ಟು ಬರೋ ತನಕ ಒಂದು ಗರಿಯೂ ಹಸುವಿನ ಬಾಯಿಗೆ ಹೋಗಬಾರದು. ಕೊಯ್ದ ಹುಲ್ಲು ಒಲೆಗೂ ಬೇಡ, ತಿಪ್ಪೆಗೂ ಬೇಡ, ಬೂದಿಯಲ್ಲಿ ಲೋಹ ಉಳಿಯುತ್ತೆ. ಬೇರು ಕಿತ್ತು ಮಾರೋದಂತೂ ಬೇಡವೇ ಬೇಡ, ಹೆಚ್ಚಿನದೆಲ್ಲ ಬೇರಲ್ಲೇ ಇರೋದು” ಅಂದೆ. ಅವರು ಸ್ವಲ್ಪ ಹೊತ್ತು ಹೊಗೆ ಬಿಟ್ಟು, “ಮತ್ತೆ ಬೆಳೆಸಿದ್ದು ಯಾಕೆ?” ಅಂದರು.

ನಾನು ದಿಬ್ಬದ ಕಡೆ ಕೈ ತೋರಿಸಿದೆ. ಗಾಳಿ ಬೀಸುತ್ತಿತ್ತು. ಪಕ್ಕದ ಖಾಲಿ ಹೊಲದ ಮೇಲೆ ಬೂದು ಪುಡಿ ಎದ್ದು ರಸ್ತೆ ದಾಟುತ್ತಿತ್ತು. ನಮ್ಮ ಸಾಲುಗಳ ನಡುವೆ ಅದು ಏಳುತ್ತಿರಲಿಲ್ಲ. ಅವರು ನೋಡಿದರು, ಏನೂ ಹೇಳಲಿಲ್ಲ. ಎದ್ದು ಹೋಗುವಾಗ ಬೇಲಿಯಲ್ಲಿ ಮೇಕೆ ನುಗ್ಗುವಷ್ಟು ಸಂದಿ ಇದ್ದ ಕಡೆ ಒಂದು ಜಾಲಿ ಮುಳ್ಳು ಎಳೆದು ಅಡ್ಡ ಇಟ್ಟರು. ನಾನು ಒಂಬತ್ತನೇ ಕ್ಲಿಪ್ಪಿನ ಹೊತ್ತು ನೋಡಿದೆ, ಇನ್ನೂ ಆರು ನಿಮಿಷ ಇತ್ತು.